ಹಸಿದ ಊರಿಗೆ ನೆರವು ತಲುಪುವ ಬಗೆ: ಸುಡಾನಿನ ಯುದ್ಧದ ನಡುವಿನಿಂದ ಒಂದು ವಿವರಣೆ

2025ರ ಅಕ್ಟೋಬರ್ 26ರಂದು ಸುಡಾನಿನ ಎಲ್ ಫಾಶರ್ ನಗರ ಆರ್‌ಎಸ್‌ಎಫ್ ಎಂಬ ಅರೆಸೈನಿಕ ಪಡೆಯ ಕೈವಶವಾಯಿತು. ಅದಕ್ಕೆ ಮೊದಲು ಸುಮಾರು ಒಂದೂವರೆ ವರ್ಷ ಆ ಊರು ಮುತ್ತಿಗೆಯಲ್ಲಿ ನಲುಗಿತ್ತು. ಹೊರಗಿನಿಂದ ಧಾನ್ಯ ಬರುತ್ತಿರಲಿಲ್ಲ, ಔಷಧಿ ಬರುತ್ತಿರಲಿಲ್ಲ, ಒಳಗಿದ್ದವರು ಹೊರಗೆ ಹೋಗುವ ದಾರಿಗಳೂ ಒಂದೊಂದಾಗಿ ಮುಚ್ಚಿಹೋಗಿದ್ದವು.

ಕರ್ನಾಟಕದ ಓದುಗರಿಗೆ ಈ ಊರಿನ ಹೆಸರು ಪೂರ್ತಿ ಅಪರಿಚಿತವಲ್ಲ. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್‌ಗೂ ನಡುವೆ ಯುದ್ಧ ಶುರುವಾದಾಗ, ಗಿಡಮೂಲಿಕೆಯ ಎಣ್ಣೆ ಮತ್ತು ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಬಿದ್ದ ಸುದ್ದಿ ದಿನವೂ ಬರುತ್ತಿತ್ತು. ಅವರಲ್ಲಿ ಕೆಲವರು ಇದ್ದದ್ದು ಎಲ್ ಫಾಶರ್‌ನಲ್ಲಿ. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ 3,800ಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತಂದಿತು. ಆ ಊರಿನವರೇ ಆದ ಲಕ್ಷಾಂತರ ಜನರಿಗೆ ಕರೆದೊಯ್ಯುವ ಹಡಗು ಇರಲಿಲ್ಲ.

ಅಲ್ಲಿಂದ ಬರುತ್ತಿರುವ ಚಿತ್ರಗಳನ್ನು ನೋಡಿದವರಲ್ಲಿ ಸಹಜವಾಗಿಯೇ ಕೆಲವು ಪ್ರಶ್ನೆಗಳು ಏಳುತ್ತವೆ. ಇಷ್ಟು ದೊಡ್ಡ ಜಗತ್ತಿನಲ್ಲಿ ಆ ಊರಿಗೆ ಅನ್ನ ಕಳಿಸಲು ಆಗುವುದಿಲ್ಲವೇ? ಬರಗಾಲ ಬಂದಿದೆ ಎಂದು ನಿರ್ಧರಿಸುವವರು ಯಾರು? ಕಳಿಸಿದ ನೆರವು ನಿಜಕ್ಕೂ ಯಾರ ಬದುಕನ್ನಾದರೂ ಬದಲಿಸುತ್ತದೆಯೇ? ಇವುಗಳಿಗೆ ಉತ್ತರ ತಿಳಿಯಬೇಕಾದರೆ ಮೊದಲು ಈ ವ್ಯವಸ್ಥೆಯ ಬುಡವನ್ನು ನೋಡಬೇಕು.

ಮಾನವೀಯ ನೆರವು ಎಂದರೇನು

ಯುದ್ಧ, ಭೂಕಂಪ, ಪ್ರವಾಹ, ಬರ, ಸಾಂಕ್ರಾಮಿಕ ರೋಗ ಇವುಗಳಿಂದ ಬದುಕು ಕುಸಿದಾಗ ಜೀವ ಉಳಿಸಲು, ನೋವು ತಗ್ಗಿಸಲು, ಮನುಷ್ಯರ ಘನತೆ ಕಾಯಲು ಕೊಡುವ ಸಹಾಯವೇ ಮಾನವೀಯ ನೆರವು. ಆಹಾರ, ಕುಡಿಯುವ ನೀರು, ತಾತ್ಕಾಲಿಕ ಸೂರು, ಚಿಕಿತ್ಸೆ, ಕಳೆದುಹೋದ ಮಕ್ಕಳನ್ನು ಹೆತ್ತವರಿಗೆ ಒಪ್ಪಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ರಸ್ತೆ, ಅಣೆಕಟ್ಟು, ವಿಶ್ವವಿದ್ಯಾಲಯ ಕಟ್ಟಲು ಒಂದು ದೇಶ ಇನ್ನೊಂದಕ್ಕೆ ಕೊಡುವ ಹಣ ಬೇರೆ, ಅದು ಅಭಿವೃದ್ಧಿ ನೆರವು. ಒಂದು ಸರ್ಕಾರ ತನ್ನ ಪ್ರಜೆಗಳನ್ನು ಯುದ್ಧಭೂಮಿಯಿಂದ ಕರೆತರುವುದೂ ಬೇರೆ, ಅದು ಆ ಸರ್ಕಾರದ ಕರ್ತವ್ಯ. ಮಾನವೀಯ ನೆರವು ಕೇಳುವುದು ಒಂದೇ ಪ್ರಶ್ನೆ: ಯಾರಿಗೆ ಅತಿ ಹೆಚ್ಚು ಅಗತ್ಯವಿದೆ? ಅವರ ಪಾಸ್‌ಪೋರ್ಟ್ ಯಾವ ದೇಶದ್ದು, ಅವರು ಯಾವ ಪಕ್ಷದ ಕಡೆಯವರು ಎಂಬುದು ಅಲ್ಲಿ ಗಣನೆಗೆ ಬರಬಾರದು.

ಈ ಕಲ್ಪನೆಗೆ ಇಂದಿನ ರೂಪ ಬಂದದ್ದು 19ನೇ ಶತಮಾನದಲ್ಲಿ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ನಡೆದ ಯುದ್ಧದ ನಂತರ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ಬಿದ್ದಿದ್ದನ್ನು ಹೆನ್ರಿ ಡ್ಯುನಾಂಟ್ ಎಂಬ ಸ್ವಿಸ್ ವ್ಯಾಪಾರಿ ಕಂಡರು. ಹತ್ತಿರದ ಕಾಸ್ಟಿಲಿಯೋನೆ ಎಂಬ ಪಟ್ಟಣದ ಹೆಂಗಸರು ಯಾವ ಸೈನ್ಯದವನು ಎಂದು ಕೇಳದೆ ಎಲ್ಲರಿಗೂ ನೀರು ಕುಡಿಸಿ ಗಾಯ ತೊಳೆಯುತ್ತಿದ್ದರು. ಡ್ಯುನಾಂಟ್ ಅವರ ಪ್ರಯತ್ನದಿಂದ 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿತು, ಮರುವರ್ಷ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. ಹೆಸರು ಡ್ಯುನಾಂಟ್ ಅವರದಾಯಿತು. ಆದರೆ ಮೊದಲು ಕೈ ಹಾಕಿದವರು ಆ ಊರಿನ ಹೆಂಗಸರು ಎಂಬುದನ್ನು ಮರೆಯಬಾರದು. ಸುಡಾನಿನ ಕಥೆಯಲ್ಲೂ ಇದೇ ಸಂಗತಿ ಮತ್ತೆ ಕಾಣುತ್ತದೆ.

ಇಂದು ಈ ಕ್ಷೇತ್ರದ ಸಂಸ್ಥೆಗಳು ನಾಲ್ಕು ತತ್ತ್ವಗಳನ್ನು ಒಪ್ಪಿಕೊಂಡಿವೆ. ಮಾನವೀಯತೆ ಎಂದರೆ ಎಲ್ಲಿ ನೋವಿದೆಯೋ ಅಲ್ಲಿಗೆ ಹೋಗುವುದು. ನಿಷ್ಪಕ್ಷಪಾತ ಎಂದರೆ ಅಗತ್ಯವನ್ನು ಮಾತ್ರ ನೋಡುವುದು. ತಟಸ್ಥತೆ ಎಂದರೆ ಜಗಳದಲ್ಲಿ ಯಾವ ಕಡೆಗೂ ಸೇರದಿರುವುದು. ಸ್ವಾತಂತ್ರ್ಯ ಎಂದರೆ ಹಣ ಕೊಟ್ಟವರ ರಾಜಕೀಯ ಉದ್ದೇಶಕ್ಕೆ ಬಳಕೆಯಾಗದಿರುವುದು. ಕೇಳಲು ಇವು ಆದರ್ಶದ ಮಾತುಗಳಂತೆ ತೋರಬಹುದು. ಆದರೆ ಬಂದೂಕು ಹಿಡಿದವನು ಕಾವಲಿರುವ ಗೇಟಿನ ಮುಂದೆ ಲಾರಿ ನಿಂತಾಗ, "ನಾವು ನಿಮ್ಮ ಶತ್ರುವಿನ ಕಡೆಯವರಲ್ಲ" ಎಂದು ಹೇಳಿ ನಂಬಿಸಲು ಚಾಲಕನ ಬಳಿ ಇರುವುದು ಈ ತತ್ತ್ವಗಳಷ್ಟೇ.

ಹಸಿವು ಒಂದು ಮನೆಯನ್ನು ಹೇಗೆ ಕರಗಿಸುತ್ತದೆ

ನೆರವಿನಿಂದ ಭರವಸೆ ಹೇಗೆ ಮೂಡುತ್ತದೆ ಎಂಬುದು ತಿಳಿಯಬೇಕಾದರೆ ಹಸಿವು ಹಂತ ಹಂತವಾಗಿ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಹಸಿವಿನಿಂದ ಸಾಯುವುದು ಒಂದೇ ದಿನದಲ್ಲಿ ಆಗುವ ಘಟನೆಯಲ್ಲ.

ಮೊದಲು ಊಟದ ಬಗೆ ಕಡಿಮೆಯಾಗುತ್ತದೆ: ಬೇಳೆ ಹೋಗುತ್ತದೆ, ಎಣ್ಣೆ ಹೋಗುತ್ತದೆ. ಆಮೇಲೆ ಹೊತ್ತು ಕಡಿಮೆಯಾಗುತ್ತದೆ. ಮೂರು ಹೊತ್ತು ಎರಡಾಗಿ, ಎರಡು ಒಂದಾಗುತ್ತದೆ. ಮಕ್ಕಳಿಗೆ ಬಡಿಸಿ ತಾಯಂದಿರು ಉಪವಾಸ ಮಲಗುತ್ತಾರೆ. ನೆಂಟರಿಷ್ಟರಲ್ಲಿ ಸಾಲ ಎತ್ತುತ್ತಾರೆ. ಇಷ್ಟರವರೆಗೆ ಆದದ್ದನ್ನು ಒಂದು ಒಳ್ಳೆಯ ಬೆಳೆ ಸರಿಪಡಿಸಬಲ್ಲದು.

ಮುಂದಿನ ಹೆಜ್ಜೆಗಳಿಂದ ಹಿಂದಿರುಗುವುದು ಕಷ್ಟ. ಮೇಕೆ ಮಾರಾಟವಾಗುತ್ತದೆ, ನಂತರ ನೀರು ಹೊರುವ ಕತ್ತೆ ಮಾರಾಟವಾಗುತ್ತದೆ. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಜಾನುವಾರಿನ ಬೆಲೆ ನೆಲ ಕಚ್ಚುತ್ತದೆ, ಧಾನ್ಯದ ಬೆಲೆ ಮುಗಿಲು ಮುಟ್ಟುತ್ತದೆ. ಮಗ ಶಾಲೆ ಬಿಡುತ್ತಾನೆ. ಮಗಳಿಗೆ ಎಳವೆಯಲ್ಲೇ ಮದುವೆ ಮಾಡುತ್ತಾರೆ. ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನು ಬೇಯಿಸಿ ತಿನ್ನುತ್ತಾರೆ. ಬೀಜ ತಿಂದ ಮೇಲೆ ಮುಂದಿನ ವರ್ಷದ ಬೆಳೆಯೂ ಹೋದಂತೆಯೇ. ಕೊನೆಗೆ ಊರು ಬಿಡುತ್ತಾರೆ.

ಎಲ್ ಫಾಶರ್‌ನಲ್ಲಿ ಊರು ಬಿಡುವ ದಾರಿಯೂ ಮುಚ್ಚಿತ್ತು. ಅಲ್ಲಿನ ಜನ 'ಅಂಬಾಜ್' ತಿಂದು ದಿನ ತಳ್ಳಿದರು. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ ಅದು, ಸಾಮಾನ್ಯವಾಗಿ ದನಗಳಿಗೆ ಹಾಕುವಂಥದ್ದು. ಸುಡಾನ್ ಜಗತ್ತಿನಲ್ಲೇ ಹೆಚ್ಚು ಶೇಂಗಾ ಬೆಳೆಯುವ ದೇಶಗಳಲ್ಲಿ ಒಂದು. ಕೊನೆಕೊನೆಗೆ ಆ ಹಿಂಡಿಯೂ ದುಬಾರಿಯಾಯಿತು.

ನೆರವು ತಡೆಯಲು ಯತ್ನಿಸುವುದು ಈ ಜಾರುವಿಕೆಯನ್ನು. ಮುಂದಿನ ತಿಂಗಳೂ ಇದೇ ದಿನ ಪಡಿ ಬರುತ್ತದೆ ಎಂಬ ಖಾತ್ರಿ ಇದ್ದರೆ ಕುಟುಂಬ ಕತ್ತೆಯನ್ನು ಮಾರುವುದಿಲ್ಲ, ಬೀಜವನ್ನು ಉಳಿಸಿಕೊಳ್ಳುತ್ತದೆ, ಮಗಳ ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತದೆ. ಭರವಸೆ ಎಂಬುದನ್ನು ನಾವು ಮನಸ್ಸಿನ ಒಂದು ಭಾವವೆಂದು ತಿಳಿಯುತ್ತೇವೆ. ಸಂಕಟದಲ್ಲಿರುವ ಮನೆಯೊಂದರಲ್ಲಿ ಅದು ಮಾರದೆ ಉಳಿದ ಕತ್ತೆಯ ರೂಪದಲ್ಲಿ, ತಿನ್ನದೆ ಉಳಿದ ಬೀಜದ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಎಷ್ಟು ನೆರವು ಬಂತು ಎಂಬುದಷ್ಟೇ ತೂಕದ ಪ್ರಶ್ನೆ ಇನ್ನೊಂದಿದೆ: ಅದು ಹೇಳಿದ ದಿನಕ್ಕೆ ಬರುತ್ತದೆಯೇ? ಒಮ್ಮೆ ಹೇರಳವಾಗಿ ಬಂದು ಮತ್ತೆ ಮೂರು ತಿಂಗಳು ಸುಳಿಯದ ನೆರವನ್ನು ನಂಬಿ ಯಾವ ರೈತನೂ ಬೀಜ ಉಳಿಸಿಕೊಳ್ಳಲಾರ.

ಬರಗಾಲ ಎಂದು ಹೇಳುವವರು ಯಾರು

ಪತ್ರಿಕೆಗಳಲ್ಲಿ 'ಐಪಿಸಿ ಐದನೇ ಹಂತ' ಎಂಬ ಮಾತು ಬರುತ್ತದೆ. ಇದಕ್ಕೂ ನಮ್ಮ ಹಳೆಯ ದಂಡ ಸಂಹಿತೆಗೂ ಸಂಬಂಧವಿಲ್ಲ. ಇದು ಹಸಿವಿನ ತೀವ್ರತೆಯನ್ನು ಒಂದರಿಂದ ಐದರವರೆಗೆ ವರ್ಗೀಕರಿಸುವ ಅಂತರರಾಷ್ಟ್ರೀಯ ಮಾಪನ. 2004ರಲ್ಲಿ ಸೊಮಾಲಿಯಾದಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಐದನೆಯದು ಕ್ಷಾಮ.

ಒಂದು ಪ್ರದೇಶವನ್ನು ಕ್ಷಾಮಪೀಡಿತ ಎನ್ನಲು ಮೂರು ಅಳತೆಗಳನ್ನು ನೋಡುತ್ತಾರೆ. ನೂರರಲ್ಲಿ ಕನಿಷ್ಠ 20 ಮನೆಗಳಿಗೆ ಆಹಾರದ ತೀವ್ರ ಅಭಾವ ಇರಬೇಕು. ಮಕ್ಕಳಲ್ಲಿ ನೂರಕ್ಕೆ 30ರಷ್ಟು ತೀವ್ರ ಅಪೌಷ್ಟಿಕತೆ ಇರಬೇಕು. ಹಸಿವು ಮತ್ತು ಅದಕ್ಕೆ ಅಂಟಿದ ರೋಗಗಳಿಂದ ಪ್ರತಿ 10,000 ಜನರಲ್ಲಿ ದಿನಕ್ಕೆ ಇಬ್ಬರು ಸಾಯುತ್ತಿರಬೇಕು. ಕೊನೆಯ ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಎಲ್ ಫಾಶರ್ ಪಕ್ಕದಲ್ಲಿ ಊರು ಬಿಟ್ಟು ಬಂದವರ ಜಮ್‌ಜಮ್ ಶಿಬಿರದಲ್ಲಿ ಸುಮಾರು 5 ಲಕ್ಷ ಜನರಿದ್ದರು. ಅಷ್ಟು ಜನರಿರುವ ಕಡೆ ಈ ಮಿತಿ ದಾಟುವುದೆಂದರೆ ದಿನಕ್ಕೆ ನೂರು ಸಾವು.

2024ರ ಆಗಸ್ಟ್ 1ರಂದು ಜಮ್‌ಜಮ್‌ನಲ್ಲಿ ಕ್ಷಾಮವಿದೆ ಎಂದು ಐಪಿಸಿಯ ತಜ್ಞರ ಸಮಿತಿ ದೃಢಪಡಿಸಿತು. ಈ ಅಳತೆಗಳನ್ನು ನೋಡಿದರೆ ಒಂದು ಕಹಿ ಸತ್ಯ ಅರ್ಥವಾಗುತ್ತದೆ: ಮಾನದಂಡ ಪೂರ್ಣವಾಗುವ ಹೊತ್ತಿಗೆ ಅನೇಕರು ಸತ್ತಿರುತ್ತಾರೆ. 2011ರಲ್ಲಿ ಸೊಮಾಲಿಯಾದ ಕ್ಷಾಮಕ್ಕೆ ಸುಮಾರು 2,60,000 ಜನ ಬಲಿಯಾದರು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಘೋಷಣೆಗೆ ಮೊದಲೇ ತೀರಿಕೊಂಡಿದ್ದರು. ನಾಲ್ಕನೇ ಹಂತದಲ್ಲೇ ನೆರವು ಹರಿಯಬೇಕು ಎಂದು ಈ ಕ್ಷೇತ್ರದಲ್ಲಿ ದುಡಿಯುವವರು ಅಂಗಲಾಚುವುದು ಅದಕ್ಕೇ.

ಒಂದು ಚೀಲ ಜೋಳದ ದಾರಿ

ಸುಡಾನಿನ ಮುಖ್ಯ ಆಹಾರ ಜೋಳ. ಅದರ ಹಿಟ್ಟನ್ನು ಕುದಿಸಿ ತಿರುವಿ ಮಾಡುವ ಗಟ್ಟಿ ಮುದ್ದೆಗೆ ಅಲ್ಲಿ ಅಸೀದ ಎನ್ನುತ್ತಾರೆ. ಒಂದು ಚೀಲ ಜೋಳ ಎಲ್ ಫಾಶರ್ ಇರುವ ಪಶ್ಚಿಮದ ದಾರ್ಫುರ್ ಪ್ರಾಂತ್ಯವನ್ನು ತಲುಪಲು ಏನೇನು ಆಗಬೇಕು?

ಮೊದಲು ಹಣ ಬೇಕು. ವಿಶ್ವಸಂಸ್ಥೆ ಪ್ರತಿ ವರ್ಷ ಒಂದೊಂದು ಸಂಕಟಕ್ಕೆ ಎಷ್ಟು ಹಣ ಬೇಕೆಂದು ಲೆಕ್ಕ ಹಾಕಿ ದೇಶಗಳ ಮುಂದೆ ಮನವಿ ಇಡುತ್ತದೆ. ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲ. 2025ರಲ್ಲಿ ಸುಡಾನಿಗಾಗಿ ಕೇಳಿದ್ದು 420 ಕೋಟಿ ಡಾಲರ್. ನೆರವಿನ ಅಗತ್ಯವಿದ್ದವರು 3 ಕೋಟಿಗೂ ಹೆಚ್ಚು ಜನ, ಅಂದರೆ ದೇಶದ ಜನಸಂಖ್ಯೆಯ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು. ಕೇಳಿದ ಹಣದಲ್ಲಿ ಅರ್ಧವೂ ಬರಲಿಲ್ಲ.

ನಂತರ ದಾರಿ ಬೇಕು. ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನ್ ಬಂದರಿಗೆ ಹಡಗಿನಲ್ಲಿ ಬಂದ ಧಾನ್ಯವನ್ನು ಲಾರಿಗಳು ಮರುಭೂಮಿ ದಾಟಿ ಪಶ್ಚಿಮಕ್ಕೆ ಒಯ್ಯಬೇಕು. ಇನ್ನೊಂದು ದಾರಿ ನೆರೆಯ ಚಾಡ್ ದೇಶದಿಂದ ಅದ್ರೆ ಎಂಬ ಗಡಿಯ ಮೂಲಕ, ಅದು ದಾರ್ಫುರ್‌ಗೆ ಬಹಳ ಹತ್ತಿರ. ಆದರೆ ಶಸ್ತ್ರಾಸ್ತ್ರಗಳು ನುಸುಳುತ್ತವೆ ಎಂಬ ಕಾರಣ ನೀಡಿ ಸುಡಾನ್ ಸರ್ಕಾರ 2024ರ ಫೆಬ್ರುವರಿಯಲ್ಲಿ ಆ ದಾರಿಯನ್ನು ಮುಚ್ಚಿತು. ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮಳೆಗಾಲ ಬಂದು ಹಳ್ಳಗಳು ತುಂಬಿ, ಲಾರಿಗಳು ಕೆಸರಿನಲ್ಲಿ ಹೂತು ನಿಂತವು.

ದಾರಿ ತೆರೆದಿದ್ದರೂ ಅನುಮತಿ ಬೇಕು. ಒಂದು ಕಡೆ ಸೇನೆಯ ಹಿಡಿತದ ಆಡಳಿತ, ಇನ್ನೊಂದು ಕಡೆ ಆರ್‌ಎಸ್‌ಎಫ್. ಲಾರಿ ಯಾವ ದಿನ, ಯಾವ ರಸ್ತೆಯಲ್ಲಿ, ಏನನ್ನು ಹೊತ್ತು ಹೋಗುತ್ತದೆ ಎಂದು ಎರಡೂ ಕಡೆಯವರಿಗೆ ಮೊದಲೇ ತಿಳಿಸಿ ದಾಳಿ ಮಾಡುವುದಿಲ್ಲವೆಂಬ ಮಾತು ಪಡೆಯಬೇಕು. ಆ ಮಾತು ಯಾವಾಗಲೂ ನಿಲ್ಲುವುದಿಲ್ಲ. 2025ರ ಜೂನ್ 2ರಂದು ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್ ಸಂಸ್ಥೆಗಳ 15 ಲಾರಿಗಳ ಸಾಲು ಪೋರ್ಟ್ ಸುಡಾನಿನಿಂದ 1,800 ಕಿಲೋಮೀಟರ್ ಸಾಗಿ ಬಂದು, ಎಲ್ ಫಾಶರ್ ಕಡೆಗೆ ಹೋಗಲು ಅಲ್ ಕೋಮಾ ಎಂಬಲ್ಲಿ ಕಾಯುತ್ತಿತ್ತು. ಅಲ್ಲಿ ಅದರ ಮೇಲೆ ದಾಳಿ ನಡೆಯಿತು. ತಂಡದ ಐವರು ಸತ್ತರು, ಹಲವು ಲಾರಿಗಳು ಸುಟ್ಟುಹೋದವು. ಆ ಧಾನ್ಯ ಎಲ್ ಫಾಶರ್ ತಲುಪಲಿಲ್ಲ.

ಅನ್ನ ಕಳಿಸಲು ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಇದೇ ಉತ್ತರ. ಜಗತ್ತಿನಲ್ಲಿ ಧಾನ್ಯವಿದೆ, ಲಾರಿಗಳಿವೆ, ಓಡಿಸುವ ಧೈರ್ಯವಂತರೂ ಇದ್ದಾರೆ. ದಾರಿಗೆ ಅಡ್ಡ ನಿಂತಿರುವುದು ಮನುಷ್ಯರ ತೀರ್ಮಾನ. ನಾಗರಿಕರನ್ನು ಹಸಿವಿಗೆ ದೂಡುವುದನ್ನು ಯುದ್ಧದ ಆಯುಧವಾಗಿ ಬಳಸಬಾರದೆಂದು ಅಂತರರಾಷ್ಟ್ರೀಯ ಕಾನೂನು ಹೇಳುತ್ತದೆ. 2018ರಲ್ಲಿ ಭದ್ರತಾ ಮಂಡಳಿ ಒಮ್ಮತದಿಂದ ಅದನ್ನು ಖಂಡಿಸಿತು. 2024ರ ಜೂನ್‌ನಲ್ಲಿ ಎಲ್ ಫಾಶರ್ ಮುತ್ತಿಗೆ ನಿಲ್ಲಿಸಿ ಎಂದು ಹೆಸರಿಟ್ಟೇ ನಿರ್ಣಯ ಮಾಡಿತು. ಮುತ್ತಿಗೆ ಮುಂದುವರಿಯಿತು.

ಹೊರಗಿನವರು ಬರಲಾಗದಿದ್ದಾಗ

ಹಾಗಾದರೆ ಮುತ್ತಿಗೆಯೊಳಗಿನ ಜನ ಅಷ್ಟು ತಿಂಗಳು ಹೇಗೆ ಬದುಕಿದರು? ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದಕ್ಕೆ ಸಿಗುವ ಉತ್ತರ.

ಸುಡಾನಿನಲ್ಲಿ 'ನಫೀರ್' ಎಂಬ ಹಳೆಯ ಪದ್ಧತಿ ಇದೆ. ಒಬ್ಬನ ಹೊಲದ ಕೊಯ್ಲು, ಮನೆ ಕಟ್ಟುವುದು, ಪ್ರವಾಹದ ಕೆಲಸ ಯಾವುದೇ ಇರಲಿ, ಕರೆ ಕೊಟ್ಟರೆ ಊರೆಲ್ಲ ಸೇರಿ ಕೂಲಿಯಿಲ್ಲದೆ ಮಾಡಿಕೊಡುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ರಾಜಧಾನಿ ಖಾರ್ಟೂಮಿನ ಬಡಾವಣೆಗಳಲ್ಲಿ ಯುವಕ ಯುವತಿಯರು ಇದೇ ಮನೋಭಾವದಿಂದ 'ತುರ್ತು ಸ್ಪಂದನ ಕೊಠಡಿ'ಗಳನ್ನು ಕಟ್ಟಿಕೊಂಡರು. ಅವರಲ್ಲಿ ಅನೇಕರು 2018-19ರ ಜನಾಂದೋಲನದ ಕಾಲದಲ್ಲಿ ಬಡಾವಣೆ ಸಮಿತಿಗಳಲ್ಲಿ ದುಡಿದವರು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಕೊಳವೆ ಬಾವಿಯಲ್ಲಿ ನೀರಿದೆ, ಯಾವ ಓಣಿಯಲ್ಲಿ ಗುಂಡು ಹಾರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಯಾವ ಅಂತರರಾಷ್ಟ್ರೀಯ ಸಂಸ್ಥೆಯ ಕಡತದಲ್ಲೂ ಈ ತಿಳಿವಳಿಕೆ ಸಿಗುವುದಿಲ್ಲ.

ಅವರು ನಡೆಸುವ ಸಾಮೂಹಿಕ ಅಡುಗೆಮನೆಗಳಿಗೆ 'ತಕಾಯ' ಎಂಬ ಹೆಸರಿದೆ. ಸೂಫಿ ಆಶ್ರಮಗಳಲ್ಲಿ ದಾರಿಹೋಕರಿಗೆ, ಬಡವರಿಗೆ ಉಣಬಡಿಸುವ ಸಂಪ್ರದಾಯದಿಂದ ಬಂದದ್ದು. ಬರ, ನೆರೆಯ ಕಾಲದಲ್ಲಿ ನಾವು ಗಂಜಿ ಕೇಂದ್ರ ಎಂದು ಕರೆಯುತ್ತಿದ್ದೆವಲ್ಲ, ಕೆಲಸ ಅಂಥದ್ದೇ. ದೊಡ್ಡ ಪಾತ್ರೆ, ಸೌದೆ, ಜೋಳ ಅಥವಾ ಅವರೆಜಾತಿಯ ಕಾಳು, ಬೇಳೆ. ಜನ ಮನೆಯಿಂದ ಪಾತ್ರೆ ತಂದು ಸಾಲಿನಲ್ಲಿ ನಿಂತು ಪಡೆಯುತ್ತಾರೆ.

ಹಣ ಬರುವ ದಾರಿಯೂ ಸ್ವಾರಸ್ಯಕರ. ಬ್ಯಾಂಕುಗಳು ಲೂಟಿಯಾಗಿವೆ, ನೋಟು ಸಿಗುವುದಿಲ್ಲ. ಆದರೆ 'ಬಂಕಕ್' ಎಂಬ ಮೊಬೈಲ್ ಆ್ಯಪ್ ಮೂಲಕ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹೋಗುತ್ತದೆ. ಕೊಲ್ಲಿ ದೇಶಗಳಲ್ಲಿ, ಯುರೋಪಿನಲ್ಲಿ, ಅಮೆರಿಕದಲ್ಲಿ ದುಡಿಯುವ ಸುಡಾನಿಗಳು ಕಳಿಸಿದ ಹಣ ಸ್ಥಳೀಯ ವ್ಯಾಪಾರಿಯ ಖಾತೆಗೆ ಬಿದ್ದು, ಅವನ ಅಂಗಡಿಯ ಜೋಳ ಅಡುಗೆಮನೆಗೆ ಬರುತ್ತದೆ. ಮೊಬೈಲ್ ಜಾಲ ಕಡಿದುಹೋದ ಊರುಗಳಲ್ಲಿ ಉಪಗ್ರಹದ ಇಂಟರ್ನೆಟ್ ಡಬ್ಬಿಯೊಂದರ ಸುತ್ತ ಜನ ಸೇರಿ ಈ ವ್ಯವಹಾರ ನಡೆಸುತ್ತಾರೆ. ಮುತ್ತಿಗೆ ಹಾಕಿದವರು ಲಾರಿಯನ್ನು ತಡೆಯಬಹುದು, ಸಂದೇಶವನ್ನು ತಡೆಯುವುದು ಅಷ್ಟು ಸುಲಭವಲ್ಲ. ಒಳಗೆ ಧಾನ್ಯ ಇರುವವರೆಗೆ ಮಾತ್ರ ಈ ಉಪಾಯ ನಡೆಯುತ್ತದೆ ಎಂಬ ಮಿತಿ ಇದ್ದೇ ಇದೆ.

ಈ ಸ್ವಯಂಸೇವಕರಿಗೆ ಸಂಬಳವಿಲ್ಲ, ಗುಂಡು ತಡೆಯುವ ಕವಚವಿಲ್ಲ. ಎರಡೂ ಪಡೆಗಳು ಅವರನ್ನು ಅನುಮಾನದಿಂದ ಕಂಡಿವೆ. ಅನೇಕರು ಬಂಧನಕ್ಕೊಳಗಾದರು, ಅನೇಕರು ಸತ್ತರು. 2025ರಲ್ಲಿ ಈ ಗುಂಪುಗಳಿಗೆ ನಾರ್ವೆಯ ರಾಫ್ಟೋ ಪ್ರಶಸ್ತಿ ಸಿಕ್ಕಿತು. ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹಠಾತ್ತನೆ ನಿಲ್ಲಿಸಿದಾಗ ನೂರಾರು ಅಡುಗೆಮನೆಗಳ ಒಲೆ ಆರಿತು. ಆ ಹಣ ಮಧ್ಯವರ್ತಿ ಸಂಸ್ಥೆಗಳ ಮೂಲಕ ಇವರಿಗೆ ತಲುಪುತ್ತಿತ್ತು. ಹೇಳಿದ ದಿನಕ್ಕೆ ಬರುವ ನೆರವು ಎಂದರೆ ಏನು ಎಂಬುದು ಅದು ನಿಂತ ದಿನ ಅಲ್ಲಿನ ತಾಯಂದಿರಿಗೆ ಅರ್ಥವಾಯಿತು.

ಸ್ಥಳೀಯರ ಕೈಗೆ ನೇರವಾಗಿ ಹಣ ಕೊಡಬೇಕು ಎಂಬ ಮಾತು ಹೊಸದಲ್ಲ. 2016ರಲ್ಲಿ ದೊಡ್ಡ ದಾನಿ ದೇಶಗಳು ಮತ್ತು ಸಂಸ್ಥೆಗಳು ನೆರವಿನ ಕಾಲು ಭಾಗವನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಗುರಿ ಇಟ್ಟುಕೊಂಡವು. ಆ ಗುರಿ ಇನ್ನೂ ಬಹಳ ದೂರದಲ್ಲಿದೆ. ಲೆಕ್ಕಪತ್ರದ ಭಯ, ಹಣ ಉಗ್ರರ ಕೈ ಸೇರಬಹುದೆಂಬ ಭಯ ಕಾರಣಗಳೆನ್ನುತ್ತಾರೆ. ಆ ಭಯಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅಪಾಯವನ್ನೆಲ್ಲ ಹೊತ್ತವರ ಕೈಗೆ ಹಣದ ಅತಿ ಸಣ್ಣ ಪಾಲು ಹೋಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ತಾಯಿಯ ಕೈಗೆ ಬಂದ ಚಿಕಿತ್ಸೆ

ನೆರವಿನ ವಿಜ್ಞಾನವೂ ಕಳೆದ ಐದು ದಶಕಗಳಲ್ಲಿ ಇದೇ ದಿಕ್ಕಿನಲ್ಲಿ ಸಾಗಿದೆ, ಆಸ್ಪತ್ರೆಯಿಂದ ಮನೆಯ ಕಡೆಗೆ. ಅದರ ಒಂದು ದೊಡ್ಡ ತಿರುವು ನಡೆದದ್ದು ನಮ್ಮ ದೇಶದಲ್ಲೇ.

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ವೇಳೆ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಕಾಲರಾದಲ್ಲಿ ಕೊಲ್ಲುವುದು ದೇಹದಿಂದ ನೀರು, ಲವಣ ಸೋರಿಹೋಗುವುದು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅಲ್ಲಿದ್ದ ವೈದ್ಯ ದಿಲೀಪ್ ಮಹಾಲನಬಿಸ್, ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಲು ನಿರ್ಧರಿಸಿದರು. ಕಾಲರಾ ತಗುಲಿದ ಕರುಳು ಬರೀ ಉಪ್ಪುನೀರನ್ನು ಹೀರಲಾರದು. ಗ್ಲೂಕೋಸ್ ಜೊತೆಗಿದ್ದರೆ ಅದು ಉಪ್ಪನ್ನು ಒಳಕ್ಕೆ ಎಳೆಯುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಕುಡಿಸಲು ನರ್ಸ್ ಬೇಕಾಗಿರಲಿಲ್ಲ, ರೋಗಿಯ ಪಕ್ಕ ಕುಳಿತ ಅಕ್ಕ, ಅಮ್ಮ, ಅಣ್ಣ ಸಾಕಾಗಿತ್ತು. ಸುಮಾರು 30ರಷ್ಟಿದ್ದ ಶೇಕಡಾವಾರು ಸಾವು 4ಕ್ಕಿಂತ ಕೆಳಗೆ ಬಂತು. ಇಂದು ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ಜಗತ್ತಿನ ವೈದ್ಯರ ವಿಶ್ವಾಸ ಗಳಿಸಿದ್ದು ಆ ಶಿಬಿರದಿಂದ. ಮಹಾಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು. 2024ರಿಂದ ಸುಡಾನಿನಲ್ಲಿ ಹಬ್ಬಿದ ಕಾಲರಾಕ್ಕೂ ಮೊದಲ ಚಿಕಿತ್ಸೆ ಅದೇ ನೀರು.

ಎರಡನೆಯದು ಹಸಿದ ಮಗುವಿನ ಚಿಕಿತ್ಸೆ. ತೀರಾ ಸೊರಗಿದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಊಟ ಕೊಟ್ಟರೆ ಪ್ರಾಣಕ್ಕೇ ಕುತ್ತು, ಏಕೆಂದರೆ ಹೃದಯ, ಮೂತ್ರಪಿಂಡಗಳು ಆ ಹೊರೆ ತಡೆಯಲಾರವು. ಹಿಂದೆ ಇಂಥ ಮಕ್ಕಳನ್ನೆಲ್ಲ ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟು ವಿಶೇಷ ಹಾಲು ಕುಡಿಸುತ್ತಿದ್ದರು. ತಾಯಿ ಅಲ್ಲಿ ಉಳಿದರೆ ಮನೆಯ ಉಳಿದ ಮಕ್ಕಳ ಗತಿಯೇನು? ಆದ್ದರಿಂದ ಬಹಳ ತಾಯಂದಿರು ಬರುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಅವರು ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜಗಳನ್ನು ಅರೆದು ಲೇಹ್ಯದಂಥ ಆಹಾರ ರೂಪಿಸಿದರು. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಹಾಗಾಗಿ ಕೊಳಕು ನೀರಿನ ಭಯವಿಲ್ಲ. ಒಲೆ ಬೇಡ, ಫ್ರಿಜ್ ಬೇಡ. ಮಗು ಪೊಟ್ಟಣದ ತುದಿ ಹಿಡಿದು ಚೀಪುತ್ತದೆ.

ಬೇರೆ ಕಾಯಿಲೆ ಇಲ್ಲದ ಮಗುವಿಗೆ ಮೊದಲು ಒಂದು ಪೊಟ್ಟಣ ಕೊಟ್ಟು ನೋಡುತ್ತಾರೆ. ಆಸೆಯಿಂದ ತಿಂದರೆ ವಾರಕ್ಕಾಗುವಷ್ಟು ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ, ಮುಖ ತಿರುಗಿಸಿದರೆ ಮಾತ್ರ ಆಸ್ಪತ್ರೆ. ಆರರಿಂದ ಎಂಟು ವಾರಗಳಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. 2005ರಲ್ಲಿ ನೈಜರ್ ದೇಶದ ಹಸಿವಿನ ಬಿಕ್ಕಟ್ಟಿನಲ್ಲಿ ಗಡಿಗಳಿಲ್ಲದ ವೈದ್ಯರು ಎಂಬ ಸಂಸ್ಥೆ ಈ ವಿಧಾನದಿಂದ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. 2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಇದನ್ನು ಅಧಿಕೃತವಾಗಿ ಒಪ್ಪಿದವು.

ಮಗು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುವುದೂ ಸರಳ. ತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿಯೊಂದನ್ನು ಸುತ್ತುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, 12.5ರವರೆಗೆ ಹಳದಿ, ಅದಕ್ಕಿಂತ ಮೇಲೆ ಹಸಿರು. ಅಕ್ಷರ ಬಾರದ ತಾಯಿಯೂ ಓದಬಲ್ಲ ಅಳತೆ. ಹಲವು ದೇಶಗಳಲ್ಲಿ ಈಗ ಈ ಪಟ್ಟಿಯನ್ನು ತಾಯಂದಿರಿಗೇ ಕೊಟ್ಟು ಕಲಿಸುತ್ತಾರೆ. ಪಟ್ಟಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬರುವುದನ್ನು ಮನೆಯಲ್ಲೇ ಕಾಣುವ ತಾಯಿಗೆ, ಮಗು ಉಳಿಯುತ್ತದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಧಾನ್ಯವೋ, ಹಣವೋ

ಹತ್ತಿರದ ಸಂತೆಯಲ್ಲಿ ಸಾಮಾನು ಇದ್ದು ಜನರ ಕೈಯಲ್ಲಿ ಕಾಸು ಇಲ್ಲದಿದ್ದರೆ ಹಣ ಕೊಡುವುದು ಉತ್ತಮ. ಸಾಗಣೆಯ ಖರ್ಚು ಉಳಿಯುತ್ತದೆ, ಅಲ್ಲಿನ ರೈತ, ವ್ಯಾಪಾರಿಯೂ ಬದುಕುತ್ತಾರೆ, ಮನೆಗೆ ಏನು ಬೇಕೆಂದು ಮನೆಯವರೇ ತೀರ್ಮಾನಿಸುತ್ತಾರೆ. ಹಣ ಕೊಟ್ಟರೆ ಪೋಲು ಮಾಡುತ್ತಾರೆ ಎಂಬ ಶಂಕೆ ಎಲ್ಲ ಕಡೆ ಕೇಳಿಬರುತ್ತದೆ. ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವಂತೆ ಬಹುಪಾಲು ಹಣ ಹೋಗುವುದು ಊಟ, ಔಷಧಿ, ಬಾಡಿಗೆ, ಸಾಲ ತೀರಿಸುವುದಕ್ಕೆ. ಸಂತೆಯೇ ಬರಿದಾದ ಕಡೆ ಮಾತ್ರ ಹಣ ಸುರಿದರೆ ಬೆಲೆ ಇನ್ನಷ್ಟು ಏರುತ್ತದೆ. ಅಲ್ಲಿ ಧಾನ್ಯವೇ ಬೇಕು.

ಬೀಜ ತಲುಪಬೇಕಾದ ದಿನ

ಎಲ್ ಫಾಶರ್ ಬಿದ್ದ ಮೇಲೆ ಬದುಕುಳಿದು ಹೊರಬಂದವರಲ್ಲಿ ಬಹಳ ಜನ ಸುಮಾರು 60 ಕಿಲೋಮೀಟರ್ ಪಶ್ಚಿಮಕ್ಕಿರುವ ತವೀಲಾ ಊರಿನ ಕಡೆ ನಡೆದರು. ಅಲ್ಲಿ ಮೊದಲೇ ಲಕ್ಷಾಂತರ ಜನ ತುಂಬಿದ್ದರು, ಅದೇ ವರ್ಷದ ಏಪ್ರಿಲ್‌ನಲ್ಲಿ ಜಮ್‌ಜಮ್ ಮೇಲೆ ದಾಳಿಯಾದಾಗ ಓಡಿಬಂದವರು. ಇಂಥ ನೆಲೆಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ ಇರಬೇಕೆಂದು ನೆರವಿನ ಸಂಸ್ಥೆಗಳು ತಾವೇ ಒಪ್ಪಿಕೊಂಡ ಮಾನದಂಡ ಹೇಳುತ್ತದೆ. ತವೀಲಾ ಅದರ ಹತ್ತಿರಕ್ಕೂ ಬಂದಿಲ್ಲ.

ನೆರವಿಗೆ ಯುದ್ಧ ನಿಲ್ಲಿಸುವ ಶಕ್ತಿಯಿಲ್ಲ. ಅದನ್ನು ಮಾಡಬೇಕಾದವರು ಪಡೆಗಳ ನಾಯಕರು, ಅವರಿಗೆ ಆಯುಧ ಒದಗಿಸುವವರು, ಮಾತುಕತೆ ನಡೆಸುವ ಸರ್ಕಾರಗಳು. ಆದರೆ ಯುದ್ಧ ಮುಗಿಯುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಯುದ್ಧದ ನಡುವೆಯೂ ಸುಡಾನಿನ ರೈತರಿಗೆ ಜೋಳ, ಸಜ್ಜೆಯ ಬೀಜ ಹಂಚುತ್ತ ಬಂದಿದೆ. ಅಲ್ಲಿ ಮಳೆ ಜೂನ್‌ನಲ್ಲಿ ಹಿಡಿಯುತ್ತದೆ, ಜುಲೈ ಹೊತ್ತಿಗೆ ಬಿತ್ತನೆ ಮುಗಿಯಬೇಕು. ದೇಶಗಳು ಬೀಜಕ್ಕೆಂದು ಕೊಡುವ ಹಣ ಮಾರ್ಚ್, ಏಪ್ರಿಲ್ ಒಳಗೆ ಕೈ ಸೇರಿದರೆ ಬೀಜ ಕೊಂಡು, ಲಾರಿಗೆ ತುಂಬಿ, ಅನುಮತಿ ಪಡೆದು, ಮಳೆಗೆ ಮೊದಲು ಹೊಲ ಮುಟ್ಟಿಸಬಹುದು. ಅದೇ ಹಣ ಆಗಸ್ಟ್‌ನಲ್ಲಿ ಬಂದರೆ ಬಿತ್ತನೆಯ ಕಾಲ ದಾಟಿರುತ್ತದೆ, ಆ ಕುಟುಂಬಕ್ಕೆ ಇನ್ನೊಂದು ಇಡೀ ವರ್ಷ ಪಡಿಯನ್ನೇ ಹೊತ್ತು ತರಬೇಕಾಗುತ್ತದೆ.